ವಲದ ಹತ್ತಿರ ಕೂತಿದ್ದವಳು

೨೦೨೫ರ ಜನವರಿ ೬, ಸೋಮವಾರ, ಬೆಳಿಗ್ಗೆ ೯.೪೦. ಎಚ್.ಡಿ. ಕೋಟೆ ತಾಲ್ಲೂಕಿನ ಗಡಿಯಂಚಿನ ಠಾಣೆಗೆ ಚೆಲುವಯ್ಯ ಇಬ್ಬನಿಗೆ ತೊಯ್ದ, ಹರಿದ ಬಲೆಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದ. ಮೇಜಿನ ಮೇಲೆ ಇಡಬೇಡಿ ಎಂದು ಪೇದೆ ಸುನೀಲ್‌ಕುಮಾರ್ ಕೂಗುವಷ್ಟರಲ್ಲಿ ಠಾಣಾ ಡೈರಿ ಅರ್ಧ ನೆನೆದಿತ್ತು.

"ಮೂರನೇದು ಸ್ವಾಮಿ. ಮೂರು ಬಾನ್ವಾರ, ಮೂರು ಬಲೆ. ಯಾರೋ ಕುಯ್ತಾವ್ರೆ."

ಚೆಲುವಯ್ಯ ಎರಡು ದಡದ ಮೀನುಗಾರರ ಸಂಘದ ಕಾರ್ಯದರ್ಶಿ. ಕಪಿಲೆಯ ಈ ದಡ ಕರ್ನಾಟಕ, ಆ ದಡ ಕೇರಳ. ನೀರಿನ ಮೇಲೆ ಬೇಲಿ ಹಾಕಲು ಯಾವ ಸರ್ಕಾರಕ್ಕೂ ಆಗದ್ದರಿಂದ, ಎರಡೂ ಕಡೆಯ ಮೂವತ್ತೆರಡು ಮನೆಯವರು ಹನ್ನೊಂದು ವರ್ಷಗಳಿಂದ ಒಟ್ಟಾಗಿ ಮೀನು ಹಿಡಿಯುತ್ತಿದ್ದರು. ದೋಣಿ ಈ ದಡದ್ದು, ಮಂಜುಗಡ್ಡೆ ಆ ದಡದ್ದು, ಬಲೆ ಎಲ್ಲರದು. ಈಗ ಅವರು ಇವರ ಮೇಲೆ, ಇವರು ಅವರ ಮೇಲೆ ಗೂಬೆ ಕೂರಿಸುತ್ತಿದ್ದರು. ಗುರುವಾರದ ಸಭೆಯೊಳಗೆ ಆಸಾಮಿ ಸಿಗದಿದ್ದರೆ ಸಂಘವೇ ಒಡೆಯುತ್ತಿತ್ತು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಶಿವನಂಜಪ್ಪ ಕೇಳಿದ.

"ಆ ದಡ್ದೋರು ಅಂತ ನಮ್ಮೋರು ಅಂತವ್ರೆ. ನಂಗಂತೂ ಗೊತ್ತಿಲ್ಲ."

"ದೂರಲ್ಲಿ ಏನಂತ ಬರೀಲಿ?"

"ಗೊತ್ತಿಲ್ಲ ಅಂತ್ಲೇ ಬರೀರಿ."

ಎಫ್‌ಐಆರ್ ದಾಖಲಾಯಿತು. ೧೧.೩೦ಕ್ಕೆ ದೋಣಿಗಳು ನಿಲ್ಲುವ ಜಾಗದಲ್ಲಿ ಪಂಚನಾಮೆ. ಬಲೆಗಳನ್ನು ಬಿದಿರು ಗಳಗಳ ಮೇಲೆ ಒಣಗಲು ಹಾಕುತ್ತಿದ್ದದ್ದು ಅಲ್ಲೇ. ಭಾನುವಾರ ಯಾರೂ ಮೀನಿಗೆ ಇಳಿಯುವುದಿಲ್ಲ. ಆ ದಡದವರು ಚರ್ಚಿಗೆ ಹೋಗುತ್ತಾರೆ, ಅದೇ ನೆಪದಲ್ಲಿ ಈ ದಡದವರು ಎದ್ದೇಳುವುದಿಲ್ಲ. ಕೊಯ್ಯುವವರಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿರಲಿಲ್ಲ.

ಬಲೆಯಲ್ಲಿ ಮೊರದಗಲ ತೂತು. ಆದರೆ ಮೇಲಿನ ಹಗ್ಗಕ್ಕೆ ಕತ್ತಿ ತಾಗಿರಲಿಲ್ಲ. ಎಳೆಗಳನ್ನು ಗಂಟಿನ ಪಕ್ಕದಲ್ಲೇ ಒಂದೊಂದಾಗಿ ಬಿಡಿಸಿದ ಹಾಗೆ ಕೊಯ್ಯಲಾಗಿತ್ತು. ಹಾಳು ಮಾಡುವ ಹಟವಿದ್ದವರು ಇಷ್ಟು ತಾಳ್ಮೆಯಿಂದ ಕೊಯ್ಯುವುದಿಲ್ಲ ಎಂದು ಶಿವನಂಜಪ್ಪನಿಗೆ ಅನ್ನಿಸಿತು.

ಅಲ್ಲಿಂದ ಹತ್ತು ಹೆಜ್ಜೆಗೆ ಕುಳ್ಳಿಯ ಗುಡಿಸಲು. ಐವತ್ತೈದು ದಾಟಿದ ಒಂಟಿ ಹೆಂಗಸು, ಹಾಡಿಯ ಕೊನೆಯ ಮನೆಯವಳು. ಒಂದು ಕಾಲಕ್ಕೆ ಸಂಘದ ಹರಿದ ಬಲೆಗಳನ್ನೆಲ್ಲ ಹೆಣೆದು ಸರಿಮಾಡುತ್ತಿದ್ದವಳು.

"ನಿನ್ನೆ ಬೆಳಿಗ್ಗೆ ಎಲ್ಲಿದ್ದೆಯಮ್ಮ?"

"ಸೌದೆಗೋಗಿದ್ದೆ ಸ್ವಾಮಿ."

"ಯಾರನ್ನಾದ್ರೂ ಕಂಡ್ಯಾ?"

"ನಮ್ ಕಡೆ ಯಾರು ಬತ್ತಾರೆ, ಕಾಣಕ್ಕೆ?"

ಮಂಗಳವಾರ, ಆ ಕಡೆಯ ಠಾಣೆಗೆ ತಿಳಿಸಿ ಸುನೀಲ್‌ಕುಮಾರ್ ದೋಣಿ ದಾಟಿದ. ಮಂಡಿನೋವಿನಿಂದ ಆ ಭಾನುವಾರ ಚರ್ಚಿಗೆ ಹೋಗದೆ ದಡದ ಮನೆಯಲ್ಲಿ ಉಳಿದಿದ್ದವಳು ಏಲಿಯಮ್ಮ ಒಬ್ಬಳೇ. ಅವಳ ಹೇಳಿಕೆ ಪಡೆದು ೧.೧೫ಕ್ಕೆ ವಾಪಸು ಬಂದು ಓದಿದ: "ಎಂಟು ಗಂಟೆ ಸುಮಾರಿಗೆ ಎದುರು ದಡದಲ್ಲಿ ಕುಳ್ಳಿಯು ಹೊಲದ ಹತ್ತಿರ ಒಬ್ಬಳೇ ಕುಳಿತಿದ್ದನ್ನು ಕಂಡು ಕೈಬೀಸಿದೆನು. ಆಕೆ ನೋಡಲಿಲ್ಲ."

"ಯಾರ ಹೊಲ?"

"ಅವಳ್ದೇ ಇರ್ಬೇಕು ಸರ್."

"ಅವಳಿಗೆ ಅಂಗೈಯಗಲ ನೆಲ ಇಲ್ಲ ಕಣಯ್ಯ. ದಡದಲ್ಲಿ ಹೊಲ ಎಲ್ಲಿಂದ ಬಂತು? ಆಯಮ್ಮ ಹೇಳಿದ್ದನ್ನ ಅದೇ ಮಾತಲ್ಲಿ ಹೇಳು."

ಸುನೀಲ್‌ಕುಮಾರ್ ತಲೆ ಕೆರೆದುಕೊಂಡ. "ಕನ್ನಡ ಮಲಯಾಳ ಕಲಸಿ ಹೇಳಿದ್ರು. 'ವಲ ಹತ್ರ ಕೂತಿದ್ಲು' ಅಂತ. ನಮ್ಮೂರು ಮಿರ್ಲೇಲೂ ಹೊಲಕ್ಕೆ ವಲ ಅಂತ್ಲೇ ಅನ್ನೋದು ಸರ್. ಸರ್ಕಾರಿ ಕಾಗದದಲ್ಲಿ ಅಂಗೆ ಬರಿಯಕ್ಕಾಯ್ತದಾ? ತಿದ್ದಿ ಹೊಲ ಅಂತ ಬರೆದೆ."

ಶಿವನಂಜಪ್ಪ ಹಣೆ ಚಚ್ಚಿಕೊಂಡ. ಮಲಯಾಳದಲ್ಲಿ ವಲ ಎಂದರೆ ಬಲೆ.

೪.೧೦ಕ್ಕೆ ಮಹಿಳಾ ಪೇದೆ ಸುಮಿತ್ರಾಳನ್ನು ಕರೆದುಕೊಂಡು ಗುಡಿಸಲಿಗೆ ಹೋದ. ಸೂರಿನಲ್ಲಿ ಬಲೆ ಹೆಣೆಯುವ ಬಿದಿರಿನ ಕಡ್ಡಿಗಳು ಎರಡು ಸಿಕ್ಕಿಕೊಂಡಿದ್ದವು. ಒಂದು ಸವೆದಿತ್ತು. ಇನ್ನೊಂದನ್ನು ಒರೆಸಿ, ಎಣ್ಣೆ ಹಚ್ಚಿ ಇಡಲಾಗಿತ್ತು.

"ಸೌದೆಗೆ ಹೋಗಿದ್ದೆ ಅಂದೆ. ನೀನು ಬಲೆ ಹತ್ರ ಕೂತಿದ್ದನ್ನ ಕಂಡೋರಿದಾರೆ."

"ಯಾರು?"

"ಏಲಿಯಮ್ಮ."

ಕುಳ್ಳಿ ಹೆದರುತ್ತಾಳೆಂದು ಅವನು ಎಣಿಸಿದ್ದ. ಅವಳ ಮುಖ ಅರಳಿತು. "ನನ್ನ ನೋಡಿದ್ಲಾ?"

"ಕೈ ಬೀಸಿದ್ಲಂತೆ. ನೀನು ನೋಡಲಿಲ್ವಂತೆ."

"ಅಯ್ಯೋ," ಎಂದು ಅವಳು ಜಗಲಿಯ ಮೇಲೆ ಕುಸಿದು ಕೂತಳು. ಸಿಕ್ಕಿಬಿದ್ದ ಸಂಕಟ ಅದಲ್ಲ.

"ಬಲೆ ಅರಿದಾಗೆಲ್ಲ ಅವ್ಳು ಸಂಘದ ದೋಣೀಲಿ ಬತ್ತಿದ್ಲು. ಎಲ್ಡು ದಿನ, ಮೂರು ದಿನ ಇಲ್ಲೇ ಕೂತು ಇಬ್ರೂ ಹೆಣೀತಿದ್ವಿ. ಅವ್ಳ ಮಾತು ನಂಗೆ ಅರ್ಧ ತಿಳೀತಿರ್ಲಿಲ್ಲ, ಆದ್ರೂ ನಗ್ತಿದ್ವಿ. ಎಲ್ಡು ವರ್ಸದಿಂದ ಈ ನೈಲಾನು ಬಲೆ. ಅರಿಯೋದೇ ಇಲ್ಲ. ಕುಯ್ದ್ರೆ ಅವಳ್ನ ಕರೆಸ್ತಾರೆ ಅನ್ಕಂಡೆ. ಮೊದಲ್ನೇ ಬಲೆ ಮೂಲೆಗೆಸ್ದು ಒಸಾದ್ ತಂದ್ರು. ಎಲ್ಡನೇದ್ಕೂ ಅಂಗೇ ಮಾಡುದ್ರು."

"ಸುಮ್ನೆ ಬಾ ಅಂತ ಹೇಳಿಕಳಿಸಬಾರದಿತ್ತಾ?"

"ಕೆಲ್ಸ ಇಲ್ದೆ ಬಾ ಅನ್ನಕ್ಕೆ ಬಾಯಿ ಬರ್ಲಿಲ್ಲ ಸ್ವಾಮಿ."

ಸಂಜೆ ೫.೦೫ಕ್ಕೆ ಬಂಧನ. ವಿಷಯ ಯಾರಿಗೆ ತಿಳಿಸಬೇಕು ಎಂಬ ಕಾಲಂ ಬಂದಾಗ ಅವಳು ಏಲಿಯಮ್ಮನ ಹೆಸರು ಹೇಳಿದಳು.

"ಸಂಬಂಧ?" ಸುನೀಲ್‌ಕುಮಾರ್ ಕೇಳಿದ.

"ಬಲೆ ಹೆಣಿಯಕ್ಕೆ ಬತ್ತಿದ್ಲು ಅಂತ ಬರ್ಕೊಳಪ್ಪ."

ಅವನು ಈ ಸಲ ಒಂದಕ್ಷರವನ್ನೂ ತಿದ್ದಲಿಲ್ಲ. ಬೆಟ್ಟದಪುರದ ಮನೆಗೆ ಬೀಗ ಹಾಕಿ, ಹೆಂಡತಿ ತೀರಿಕೊಂಡ ಮೇಲೆ ಕ್ವಾರ್ಟರ್ಸಿನಲ್ಲಿ ಒಬ್ಬನೇ ಇರುವ ಶಿವನಂಜಪ್ಪ ಆ ಕಾಲಮನ್ನೇ ನೋಡುತ್ತ ನಿಂತ. ತನ್ನನ್ನು ಕೇಳಿದರೆ ಯಾರ ಹೆಸರು ಹೇಳುವುದೆಂದು ಅವನಿಗೆ ಹೊಳೆಯಲಿಲ್ಲ.

ವಿಷಯ ತಿಳಿದು ಚೆಲುವಯ್ಯ ಓಡಿಬಂದ. ಆ ದಡದವರ ತಪ್ಪಿಲ್ಲವೆಂದು ಗುರುವಾರ ತಾನೇ ಹೇಳುವುದಾಗಿ ಒಪ್ಪಿ, ಕುಳ್ಳಿಯ ಜಾಮೀನಿಗೂ ತಾನೇ ನಿಂತ.

"ಏಳಮ್ಮ, ಮನೆಗೆ ಹೋಗ್ಬಹುದು," ಎಂದ ಶಿವನಂಜಪ್ಪ.

ಕುಳ್ಳಿ ಬೆಂಚಿನಿಂದ ಏಳಲಿಲ್ಲ. "ಬುಟ್ಬುಟ್ರಾ? ಅಂಗಾದ್ರೆ ಅವ್ಳು ಬರಾಕಿಲ್ಲ."

ಶಿವನಂಜಪ್ಪ ಹೇಳಿಕೆಯ ಹಾಳೆಯನ್ನು ಕೈಗೆತ್ತಿಕೊಂಡ. "ಇದರಲ್ಲಿ ಬಲೆ ಅನ್ನೋ ಕಡೆ ಹೊಲ ಅಂತ ಬರೆದುಬಿಟ್ಟವ್ನೆ. ನಾಳೆ ಏಲಿಯಮ್ಮ ಬಂದು ಇನ್ನೊಂದು ಹೇಳಿಕೆ ಕೊಡಬೇಕು."

"ಕೆಲ್ಸ ಐತೆ ಅನ್ನಿ?"

"ಐತೆ."

ನಿಯಮದ ಪ್ರಕಾರ ಪೇದೆಯೇ ಆ ದಡಕ್ಕೆ ಹೋಗಿ ಹೇಳಿಕೆ ತರಬೇಕಿತ್ತು. ಅದು ಗೊತ್ತಿದ್ದ ಸುನೀಲ್‌ಕುಮಾರ್ ಬಾಯಿ ತೆರೆದ. ಸಾಹೇಬರ ಮುಖ ನೋಡಿ ಹೊಸ ಹಾಳೆಯೊಂದನ್ನು ತೆಗೆದಿಟ್ಟ.

ಕುಳ್ಳಿ ಎದ್ದು ಸೆರಗು ಸರಿಮಾಡಿಕೊಂಡಳು. ಬಾಗಿಲಲ್ಲಿ ನಿಂತು ಬೆಳಗಿನ ದೋಣಿ ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿದಳು. ಹನ್ನೊಂದು ವರ್ಷಗಳಿಂದ ಅದು ಎಂಟೂವರೆಗೇ ಬರುತ್ತಿತ್ತು. ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಶಿವನಂಜಪ್ಪ ಹೇಳಿದ.