ಗುಂಡಿ ಡಬ್ಬಿಯೊಳಗಿನ ವಿಳಾಸ

ಅವಳು ಅವನ ತೋಳಿನ ತುದಿಗೆ ಗುಂಡಿ ಹೊಲಿಯುತ್ತಿದ್ದಳು. ಅಂಗಿ ಅವನ ಮೈಮೇಲೇ ಇತ್ತು.

ಸೂಜಿ ಎಳೆದಾಗಲೆಲ್ಲ ಅವಳ ಕಿರುಬೆರಳು ಅವನ ಮಣಿಕಟ್ಟಿಗೆ ತಾಗುತ್ತಿತ್ತು. ಅಲ್ಲಿ ನಾಡಿ ಜೋರಾಗಿ ಓಡುತ್ತಿತ್ತು. ತನ್ನದೂ ಹಾಗೇ ಓಡುತ್ತಿರುವುದು ಅವನಿಗೆ ಗೊತ್ತಾಗದಿದ್ದರೆ ಸಾಕು... ಎಂದುಕೊಂಡಳು.

ಅವನು ಎದುರಿನ ಅಂಗಡಿಯಲ್ಲಿ ಹೊಸದಾಗಿ ಕಂಪ್ಯೂಟರ್ ರಿಪೇರಿ ಶುರು ಮಾಡಿದವನು. ಅವಳು ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದಳು. ಮಾತು ಕಡಿಮೆ, ಆಡಿದರೂ ಮೆಲ್ಲಗೆ. ಅದಕ್ಕೇ ಚಿಕ್ಕಮ್ಮ ಅವಳನ್ನು ಪಿಸುಮಣಿ ಎಂದು ಕರೆಯುತ್ತಿದ್ದಳು.

ಮೇಜಿನ ಮೇಲಿದ್ದ ಅವಳ ಫೋನ್ ಟಿಣ್ ಎಂದಿತು. ಮತ್ತೆ ಟಿಣ್. ದಾರ ಕತ್ತರಿಸುವಷ್ಟರಲ್ಲಿ ಒಂಬತ್ತು ಸಲ.

"ಇಷ್ಟೊಂದು ಜನ ನಿಮ್ಮನ್ನ ನೆನಪಿಸ್ಕೋತಾರಾ?"

"ಚಪ್ಪಲಿ ಅಂಗಡಿಯವರು, ಹಾಸಿಗೆ ಕಂಪನಿಯವರು," ಎಂದಳು ತಲೆ ಎತ್ತದೆ. "ಮನುಷ್ಯರು ಯಾರೂ ಇಲ್ಲ."

ಅವನು ನಕ್ಕುಬಿಟ್ಟ. ಅವಳು ಮೆಲ್ಲಗೆ ತನ್ನ ಕಷ್ಟ ಹೇಳಿಕೊಂಡಳು. ಗಿರಾಕಿಗಳು ಅಳತೆ ಕಳಿಸುವ ಇಮೇಲ್‌ಗಳು ಜಾಹೀರಾತಿನ ರಾಶಿಯಲ್ಲಿ ಮುಳುಗಿಹೋಗುತ್ತಿದ್ದವು. ಕಳೆದ ವಾರ ಒಬ್ಬ ಮೇಷ್ಟರ ಕೋಟಿನ ತೋಳು ನಾಲ್ಕು ಬೆರಳು ಗಿಡ್ಡವಾಗಿ, ಚಿಕ್ಕಮ್ಮನ ಬೈಗುಳ ನಾಲ್ಕು ಮಾರು ಉದ್ದವಾಗಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಅವನು ಬಂದು, ಸ್ಟೂಲ್ ಎಳೆದುಕೊಂಡು ಕೂತ.

"ಇಮೇಲ್‌ನಲ್ಲಿ ಅಲಿಯಾಸ್ ಅಂತ ಇದೆ. ಮನೆ ಒಂದೇ, ಬಾಗಿಲು ಬೇರೆ ಬೇರೆ. ಗಿರಾಕಿಗಳಿಗೊಂದು ವಿಳಾಸ, ಸರಕಿನವರಿಗೊಂದು. ಎಲ್ಲಾ ನಿಮ್ಮ ಹತ್ರಾನೇ ಬರತ್ತೆ, ಆದ್ರೆ ಅದರದರ ಖಾನೆಗೆ. ಯಾವ ಬಾಗಿಲಲ್ಲಿ ಕಸ ಬಂತೋ ಅದೊಂದನ್ನ ಮುಚ್ಚಿದ್ರಾಯ್ತು. ವಿಳಾಸ ಯಾರಿಂದ ಹೊರಗೆ ಹೋಯ್ತು ಅಂತಾನೂ ಗೊತ್ತಾಗತ್ತೆ. ಅಸಲಿ ವಿಳಾಸ ಮಾತ್ರ ಯಾರಿಗೂ ಕೊಡ್ಬೇಡಿ."

"ನಿಮಗೂ?"

"ನನಗೂ."

ಅವಳು ಬೇಗ ಕಲಿತಳು. ದಾರದವರಿಗೊಂದು, ಜಿಪ್‌ನವರಿಗೊಂದು ವಿಳಾಸ ಮಾಡಿದಳು. ಮರೆಯಬಾರದೆಂದು ಅವನ್ನು ಚೀಟಿಗಳಲ್ಲಿ ಬರೆದು ಆಯಾ ಡಬ್ಬಿಯಲ್ಲೇ ಇಟ್ಟಳು. ಹೊಸ ಪದ್ಧತಿ ಚಿಕ್ಕಮ್ಮನಿಗೂ ಹಿಡಿಸಿತು.

ಇನ್ನೊಂದು ವಿಳಾಸವನ್ನು ಯಾರಿಗೂ ಹೇಳದೆ ಮಾಡಿದಳು. ಅದು ಅವನೊಬ್ಬನಿಗೆ. ಅವನಿಗೊಂದು ಚೀಟಿ ಬರೆದುಕೊಟ್ಟು, ತನ್ನ ಚೀಟಿಯನ್ನು ಗುಂಡಿ ಡಬ್ಬಿಯ ತಳದಲ್ಲಿ ಬಚ್ಚಿಟ್ಟಳು.

ಎದುರುಬದುರು ಕೂತರೆ ಇಬ್ಬರಿಗೂ ಬಾಯಿ ಕಟ್ಟುತ್ತಿತ್ತು. ಪತ್ರದಲ್ಲಿ ಹಾಗಿರಲಿಲ್ಲ. 'ಹಳದಿ ದಾರ ಪೋಣಿಸೋಕೆ ನೀವು ಕಣ್ಣು ಕಿರಿದು ಮಾಡಿದ್ರಿ, ನಾನು ಇಲ್ಲಿ ಸ್ಕ್ರೂ ಕಳ್ಕೊಂಡೆ' ಎಂದು ಬರೆಯುತ್ತಿದ್ದ. ಅವಳು ಎರಡೇ ಸಾಲು ಉತ್ತರಿಸುತ್ತಿದ್ದಳು. ತಪ್ಪುಗಳಿರುತ್ತಿದ್ದವು. ಅವನು ಒಂದನ್ನೂ ತಿದ್ದಲಿಲ್ಲ.

ಒಂದು ಬೆಳಿಗ್ಗೆ ಆ ಖಾನೆಯಲ್ಲಿ ಚಪ್ಪಲಿ ಜಾಹೀರಾತು ಬಂದಿತ್ತು. ಅದರ ಹಿಂದೆಯೇ ಹಾಸಿಗೆಯದು.

ಈ ವಿಳಾಸ ಗೊತ್ತಿರುವುದು ಅವನೊಬ್ಬನಿಗೇ... ಹಾಗಾದರೆ ಯಾರಿಗೋ ಕೊಟ್ಟುಬಿಟ್ಟನೇ? ತಾನು ಅವನಿಗೆ ಅಷ್ಟೇನೇ?

ಹೋಗಿ ಕೇಳಬಹುದಿತ್ತು. ಕೇಳುವುದು ಅವಳಿಗೆ ಯಾವತ್ತೂ ಬಂದಿರಲಿಲ್ಲ. ಅವನೇ ಕಲಿಸಿದಂತೆ ಆ ಬಾಗಿಲು ಮುಚ್ಚಿದಳು. ಅಂದು ಅವನು ಇಣುಕಿದಾಗ ಒಳಗೆ ಸರಿದು, ತಲೆನೋವು ಎಂದು ಚಿಕ್ಕಮ್ಮನಿಂದ ಹೇಳಿಸಿದಳು. ಮರುದಿನದಿಂದ ಅವನು ಇಣುಕಲೂ ಇಲ್ಲ.

ಆರನೆಯ ದಿನ ಚಿಕ್ಕಮ್ಮ ಕತ್ತರಿ ಆಡಿಸುತ್ತಲೇ ಕೇಳಿದಳು. "ಗುಂಡಿಯವರು ಹೊಸ ನಮೂನೆಗಳ ಚಿತ್ರ ಕಳಿಸ್ತೀನಿ ಅಂದಿದ್ರು. ಬಂತೇನೇ?"

"ಅವರಿಗೆ ವಿಳಾಸ ಕೊಟ್ಟೇ ಇಲ್ವಲ್ಲ."

"ನಾನು ಕೊಟ್ಟೆ, ಹತ್ತು ದಿನದ ಹಿಂದೆ. ಗುಂಡಿ ಡಬ್ಬೀಲಿ ಚೀಟಿ ಇತ್ತಲ್ಲ, ಅದನ್ನ ನೋಡಿ. ನೀನೇ ಮಾಡಿದ ಪದ್ಧತಿ!"

ಗುಂಡಿಯವರು ಅದನ್ನು ಇನ್ಯಾರಿಗೋ, ಅವರು ಮತ್ಯಾರಿಗೋ... ಅವಳು ಡಬ್ಬಿ ಎತ್ತಿಕೊಂಡವಳೇ ರಸ್ತೆ ದಾಟಿ ಓಡಿದಳು. ಒಳಗೆ ಗುಂಡಿಗಳು ಗಲಗಲ ಎಂದವು.

ಅವನು ಬಿಚ್ಚಿದ ಕಂಪ್ಯೂಟರಿನ ಮುಂದೆ ಕೂತಿದ್ದ. ಅವಳು ಒಂದೇ ಉಸಿರಿಗೆ ಎಲ್ಲಾ ಹೇಳಿದಳು. ಚೀಟಿ, ಚಪ್ಪಲಿ, ಚಿಕ್ಕಮ್ಮ, ತನ್ನ ಅನುಮಾನ. ಜೀವಮಾನದಲ್ಲಿ ಒಟ್ಟಿಗೆ ಅಷ್ಟು ಮಾತು ಆಡಿರಲಿಲ್ಲ.

ಅವನು ಪಕ್ಕದ ಪರದೆಯನ್ನು ಅವಳತ್ತ ತಿರುಗಿಸಿದ. ಅವನ ಪತ್ರ ವಾಪಸ್ ಬಂದಿತ್ತು. ಮೇಲೆ, ಇಂಥ ವಿಳಾಸ ಇಲ್ಲ ಎಂಬ ಸಾಲು. ಕೆಳಗೆ ಅವನದು:

'ನಿಮ್ಮನ್ನ ಮದುವೆ ಆಗ್ಬೇಕು ಅನ್ನೋದು ನನ್ನ ಆಸೆ. ಇಷ್ಟ ಇಲ್ದಿದ್ರೆ ಏನೂ ಹೇಳ್ಬೇಡಿ, ಈ ವಿಳಾಸ ಮುಚ್ಚಿಬಿಡಿ. ಅರ್ಥ ಮಾಡ್ಕೋತೀನಿ.'

"ತಲೆನೋವು ಅಂದ ದಿನ ರಾತ್ರಿ ಕಳಿಸಿದೆ, ತಕ್ಷಣ ವಾಪಸ್ ಬಂತು," ಎಂದ ಅವನು. "ಕೇಳೋ ಮೊದಲೇ ಉತ್ತರ ಕೊಟ್ಟಿದೀರಿ ಅಂದ್ಕೊಂಡೆ."

ಅವಳು ಡಬ್ಬಿಯ ತಳದಿಂದ ಆ ಚೀಟಿ ತೆಗೆದು, ಹಿಂಬದಿಗೆ ತಿರುಗಿಸಿ, ನಿಧಾನವಾಗಿ ಬರೆದು ಅವನ ಅಂಗೈಯಲ್ಲಿಟ್ಟಳು.

"ಇದು ಯಾವ ಬಾಗಿಲು?"

"ಅಸಲಿದು. ಇದನ್ನ ಮುಚ್ಚೋಕಾಗಲ್ಲ."

"ಯಾರಿಗೂ ಕೊಡ್ಬೇಡಿ ಅಂದಿದ್ದೆ."

"ನೀವು ಹೇಳಿದ್ದೆಲ್ಲಾ ಕೇಳ್ಬೇಕಾ?"

ಅವನ ಕಿವಿಗಳು ಕೆಂಪಾದವು. ಚೀಟಿಯ ಜೊತೆ ಅವಳ ಬೆರಳುಗಳನ್ನೂ ಹಿಡಿದುಕೊಂಡ. ಅವಳು ಹೊಲಿದ ಗುಂಡಿ ಇನ್ನೂ ಬಿಗಿಯಾಗಿತ್ತು.

ಎದುರಿನಿಂದ ಚಿಕ್ಕಮ್ಮ ಎರಡನೆಯ ಸಲ ಕೂಗಿದಾಗ ಕೇಳಿಸಿತು.

"ಪಿಸುಮಣೀ, ಆ ಗುಂಡಿ ಡಬ್ಬಿ ತಂದ್ಕೊಡೇ."