ಕಪ್ಪು ಹಾಳೆಯ ಮೇಲಿನ ಅಣಬೆ

"ಕ್ಷಮಾಪಣೆ ಪತ್ರ ಬರೆದುಕೊಡಿ, ಇಲ್ಲಿಗೇ ಮುಗಿಸೋಣ," ಎಂದರು ಮುಖ್ಯೋಪಾಧ್ಯಾಯಿನಿ.

"ಮಾಡದ ತಪ್ಪಿಗೆ ಒಂದಕ್ಷರಾನೂ ಬರೆಯಲ್ಲ ಮೇಡಂ," ಎಂದಳು ಎಲೆ ಟೀಚರ್.

ಒಣಗಿದ ಎಲೆ, ಕಡ್ಡಿ, ಬೀಜಗಳಿಂದ ಮಕ್ಕಳ ಕೈಯಲ್ಲಿ ಚಿತ್ರ ಮಾಡಿಸುತ್ತಿದ್ದುದರಿಂದ ಅವಳಿಗೆ ಆ ಹೆಸರು ಬಿದ್ದಿತ್ತು. ಕಾಡಿನಂಚಿಗೆ ಕರೆದೊಯ್ದಾಗ ಅಣಬೆಗಳ ಫೋಟೊ ತೆಗೆಸುತ್ತಿದ್ದಳು. ಮುಟ್ಟಲು ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. ಅಂಥವಳ ಕೋಣೆಯಲ್ಲೇ ಅಂದು ಬೆಳಿಗ್ಗೆ ವಿಷದ ಅಣಬೆ ಸಿಕ್ಕಿತ್ತು. ಅದರ ಫೋಟೊ ಮುಖ್ಯೋಪಾಧ್ಯಾಯಿನಿಯ ಬಾಗಿಲ ಸಂದಿಯಲ್ಲಿ ಬಂದು ಬಿದ್ದಿತ್ತು. 'ನಿನ್ನೆ ಸಂಜೆ ಎಲೆ ಟೀಚರ್ ಬಿಟ್ಟುಹೋದದ್ದು' ಎಂದು ಟೈಪು ಮಾಡಿದ ಚೀಟಿ ಜೊತೆಗಿತ್ತು, ಕಳಿಸಿದವರ ಹೆಸರಿರಲಿಲ್ಲ. ಪತ್ರ ಬರೆಯದಿದ್ದರೆ ಅವಳ ತರಗತಿಗೆ ಬೀಗ.

ಅವಳು ನೆಟ್ಟಗೆ ಗ್ರಂಥಾಲಯಕ್ಕೆ ಹೋದಳು. ಗ್ರಂಥಪಾಲಕಿ ಅವಳ ಚಿಕ್ಕಮ್ಮ. ಶಾಲೆಯಲ್ಲಿ ಪೆನ್ನು ಕಳೆದರೂ ಗ್ಲೋಬು ಕಾಣೆಯಾದರೂ ಪತ್ತೆ ಹಚ್ಚುತ್ತಿದ್ದವರು ಆಕೆಯೇ.

"ಅಳ್ತಾ ನಿಂತ್ಕೋಬೇಡ, ನಡಿ."

"ಅಳು ಎಲ್ಲಿ ಬಂತು ಚಿಕ್ಕಮ್ಮ? ಮೈಯೆಲ್ಲ ಉರೀತಿದೆ."

"ಹಾಗಿದ್ರೆ ಸರಿ."

ಇಬ್ಬರೂ ಎಲೆ ಟೀಚರ್ ಕೋಣೆಗೆ ಬಂದರು. ದೀಪದ ಕೆಳಗಿನ ಮೇಜಿನ ಮೇಲೆ ಕಪ್ಪು ಹಾಳೆ ಹಾಸಿತ್ತು. ಅದರ ನಡುವೆ ಕೊಡೆಯಂತೆ ಅರಳಿದ ಬಿಳಿ ಅಣಬೆ ನಿಂತಿತ್ತು. ಚಿಕ್ಕಮ್ಮ ಅದನ್ನು ಇಕ್ಕಳದಲ್ಲಿ ಎತ್ತಿ ನೋಡಿದರು. ಹಾಳೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಆಮೇಲೆ ಎಲೆ ಟೀಚರ್ ತಂದಿದ್ದ ಫೋಟೊ ನೋಡಿದರು. ಕೊಡೆಯ ಅಡಿಯ ಮಡಿಕೆಗಳು ಒಂದೊಂದೂ ಬೆಳಗುತ್ತಿದ್ದವು.

"ಈ ಕೋಣೆ ಬೀಗದ ಕೈ ಇನ್ಯಾರ ಹತ್ರ ಇದೆ?"

"ಸೈನ್ಸ್ ಟೀಚರ್ ಹತ್ರ, ಕ್ಯಾಮೆರಾ ಮೇಷ್ಟ್ರ ಹತ್ರ. ಇಬ್ಬರಿಗೂ ಈ ಕೋಣೆ ಮೇಲೆ ಕಣ್ಣು. ಒಬ್ಬರಿಗೆ ಲ್ಯಾಬ್ ಬೇಕು, ಇನ್ನೊಬ್ಬರಿಗೆ ಸ್ಟುಡಿಯೋ."

ಮಧ್ಯಾಹ್ನ ಆ ಇಬ್ಬರೂ ಮುಖ್ಯೋಪಾಧ್ಯಾಯಿನಿಯೂ ಅದೇ ಕೋಣೆಯಲ್ಲಿ ಸೇರಿದರು. ಚಿಕ್ಕಮ್ಮ ಫೋಟೊ ಎತ್ತಿ ತೋರಿಸಿ ಮೂಗು ಮುರಿದರು. "ಇದನ್ನ ತೆಗೆದೋರಿಗೆ ಕ್ಯಾಮೆರಾದ ಗಂಧಗಾಳಿ ಇಲ್ಲ. ಪಕ್ಕದಲ್ಲಿ ಯಾವುದೋ ಸ್ಟೀಲ್ ತಟ್ಟೆ ಇತ್ತು ಅಂತ ಕಾಣುತ್ತೆ, ಅಡಿಭಾಗಕ್ಕೆ ಬೆಳಕು ಬಿದ್ದಿದೆ. ಬರೀ ಅದೃಷ್ಟ."

ಕ್ಯಾಮೆರಾ ಮೇಷ್ಟ್ರ ಮುಖ ಕೆಂಪೇರಿತು. "ಏನ್ರೀ ಅದೃಷ್ಟ? ತಟ್ಟೆಯಿಂದ ಇಷ್ಟು ಹದವಾದ ಬೆಳಕು ಬರುತ್ತಾ? ಮಕ್ಕಳ ಎಲೆ ಅಚ್ಚಿನ ಕಾರ್ಡನ್ನ ತಿರುಗಿಸಿ ಬಿಳಿ ಹಿಂಬದಿ ಅಡಿಗೆ ಹಿಡಿದಿದ್ದಕ್ಕೇ..."

ಮೇಷ್ಟ್ರು ಬಾಗಿಲ ಕಡೆ ನೋಡಿದರು.

"ಹೇಳಿ ಮೇಷ್ಟ್ರೇ," ಎಂದರು ಚಿಕ್ಕಮ್ಮ. "ಹಾಳೆ ಕಪ್ಪು, ದೀಪ ಮೇಲೆ. ಅಣಬೆಯ ಅಡಿ ಕತ್ತಲಿರಬೇಕಿತ್ತು. ಯಾರೋ ಕೆಳಗಿಂದ ಬೆಳಕು ಕೊಟ್ಟಿದ್ದಾರೆ ಅಂತ ಗೊತ್ತಾಯ್ತು. ಏನು ಹಿಡಿದು ಅನ್ನೋದು ನನಗೆ ಗೊತ್ತಿರಲಿಲ್ಲ. ಅದು ಹಿಡಿದವರಿಗೆ ಮಾತ್ರ ಗೊತ್ತು. ಇನ್ನೊಂದು, ಅರಳಿದ ಅಣಬೆ ರಾತ್ರಿಯೆಲ್ಲ ಸಣ್ಣ ಬಿಳಿ ಪುಡಿ ಉದುರಿಸುತ್ತೆ. ಹಾಳೆ ಚೊಕ್ಕಟವಾಗಿದೆ, ಅಂದ್ರೆ 'ನಿನ್ನೆ ಸಂಜೆ' ಅನ್ನೋ ಚೀಟಿ ಸುಳ್ಳು, ತಂದಿಟ್ಟದ್ದು ಇವತ್ತು ಬೆಳಿಗ್ಗೆ. ಈ ಪಾಠ ಮಾಡೋ ಸೈನ್ಸ್ ಟೀಚರ್ ಅಂಥ ತಪ್ಪು ಮಾಡ್ತಿರಲಿಲ್ಲ."

ಮೇಷ್ಟ್ರು ತಲೆ ತಗ್ಗಿಸಿದರು. "ಸ್ಟುಡಿಯೋಗೆ ಜಾಗ ಬೇಕಿತ್ತು..."

"ಆದದ್ದಾಯ್ತು, ವಿಷಯ ಇಲ್ಲೇ ಇರಲಿ," ಎಂದರು ಮುಖ್ಯೋಪಾಧ್ಯಾಯಿನಿ.

"ಇರಲ್ಲ ಮೇಡಂ," ಎಂದಳು ಎಲೆ ಟೀಚರ್. "ನನ್ನ ಮೇಲಿನ ಅನುಮಾನ ಮಕ್ಕಳ ಕಿವಿಗೆ ಬಿದ್ದಿದೆ, ಇದೂ ಬೀಳಲಿ. ನಾಳೆ ಪ್ರಾರ್ಥನೆ ಹೊತ್ತಲ್ಲಿ ನೀವೇ ಹೇಳಿ."

ಮುಖ್ಯೋಪಾಧ್ಯಾಯಿನಿ ಅವಳ ಮುಖ ನೋಡಿ, ಒಪ್ಪಿಕೊಂಡರು.

ಎಲೆ ಟೀಚರ್ ಆ ಫೋಟೊವನ್ನು ಗೋಡೆಗೆ ಅಂಟಿಸಿದಳು. ಕೆಳಗೆ 'ಅಣಬೆಯನ್ನು ಕಂಡಲ್ಲೇ ಬಿಟ್ಟು ಬನ್ನಿ' ಎಂದು ದಪ್ಪಕ್ಷರದಲ್ಲಿ ಬರೆದು, ಪೆನ್ನನ್ನು ಕ್ಯಾಮೆರಾ ಮೇಷ್ಟ್ರ ಮುಂದೆ ಹಿಡಿದಳು.

"ಫೋಟೊ ಚೆನ್ನಾಗಿದೆ ಮೇಷ್ಟ್ರೇ. ಈ ಸಲ ಹೆಸರು ಹಾಕಿ."