ಹಳದಿ ರಬ್ಬರ್

ಬುಧವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ತಮ್ಮ ಗಾಬರಿಬಿದ್ದು ಸತ್ತ ಅಂತ ಬರ್ಕೊಂಡಿದೀರಂತೆ. ಅವನು ಗಾಬರಿ ಬೀಳೋನಲ್ಲ. ಅದನ್ನ ತಿದ್ದಿ, ಸಾರ್."

ಭಾನುವಾರ ಸರೋವರದಲ್ಲಿ ಡೈವಿಂಗ್ ಮಾಡುವಾಗ ಸತ್ತ ಹುಡುಗನ ಅಕ್ಕ ಅವಳು. ಮನೆಯಲ್ಲಿ ಅವನಿಗೆ ಕಪ್ಪೆ ಎಂದೇ ಹೆಸರು. ಹೊರಗೆ ಬೆಂಚಿನ ಮೇಲೆ ಅವಳ ಕೈಚೀಲ ಹಿಡಿದು ಕೂತಿದ್ದವನು ಅವಳ ಗಂಡ, ಡೈವಿಂಗ್ ಶಿಕ್ಷಕ. ಅಂದು ನೀರೊಳಗೆ ಕಪ್ಪೆಯ ಜೊತೆಗಿದ್ದವನು ಅವನೊಬ್ಬನೇ.

ಅವನ ಹೇಳಿಕೆ ಆಗಲೇ ಕಡತದಲ್ಲಿತ್ತು. ಇಪ್ಪತ್ತು ಮೀಟರ್ ಆಳದ ಕೊರೆಯುವ ನೀರಿನಲ್ಲಿ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಕಪ್ಪೆಯ ರೆಗ್ಯುಲೇಟರ್ ಹೆಪ್ಪುಗಟ್ಟಿ, ಮುಚ್ಚಬೇಕಾದ ಕವಾಟ ತೆರೆದೇ ಉಳಿದು, ಗಾಳಿ ಭೋರೆಂದು ಹೊರನುಗ್ಗಿತು. ಹಾಗಾದರೆ ಸಿಲಿಂಡರ್ ಬರಿದಾಗಲು ಹೆಚ್ಚು ಹೊತ್ತು ಬೇಡ. ಜೊತೆಗಾರನಿಗೆ ಸನ್ನೆ ಮಾಡಿ, ಅವನ ಎದೆಯ ಮೇಲಿರುವ ಹೆಚ್ಚುವರಿ ರೆಗ್ಯುಲೇಟರನ್ನು ಬಾಯಿಗಿಟ್ಟು, ಇಬ್ಬರೂ ಉಸಿರಾಡುತ್ತ ನಿಧಾನವಾಗಿ ಮೇಲೇರಬೇಕು. "ಅವನು ನನ್ನನ್ನು ಕೇಳಲೇ ಇಲ್ಲ. ಉಸಿರು ಬಿಗಿಹಿಡಿದು ಮೇಲಕ್ಕೆ ಹಾರಿದ." ಹಾಗೆ ಹಾರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಹರಿದಿತ್ತು.

"ಊಟಕ್ಕೆ ಕೂತಾಗ್ಲೂ ಅಭ್ಯಾಸ ಮಾಡೋನು," ಎಂದಳು ಅಕ್ಕ. "ಉಪ್ಪು ಬೇಕಾದ್ರೂ ಕುತ್ತಿಗೆಗೆ ಅಡ್ಡ ಕೈ ಆಡಿಸಿ 'ಗಾಳಿ ಮುಗೀತು' ಅನ್ನೋ ಸನ್ನೆ. ಅಂಥೋನು ಗಾಳಿ ಕೇಳಲ್ವಾ?"

ಮಧ್ಯಾಹ್ನ ಪೂರ್ತಿ ಮರಣೋತ್ತರ ವರದಿ ಬಂತು. ದವಡೆ ಹಲ್ಲುಗಳ ನಡುವೆ ಹಳದಿ ರಬ್ಬರಿನ ಚೂರು. ಕಪ್ಪೆಯ ಸ್ವಂತ ರೆಗ್ಯುಲೇಟರಿನಲ್ಲಿ ಹಲ್ಲಿನಿಂದ ಕಚ್ಚಿ ಹಿಡಿಯುವ ಬಾಯಿರಬ್ಬರ್ ಕಪ್ಪು.

"ನಂಗೆ ಸ್ನಾನದ ಬಕೆಟ್ಟೇ ಸಮುದ್ರ, ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್. "ಆದ್ರೂ ಇದು ಅವನದ್ದಲ್ಲ ಅಂತ ನಂಗೂ ಗೊತ್ತಾಗುತ್ತೆ."

ಪಂಚರ ಮುಂದೆ ಸಲಕರಣೆಯ ಚೀಲ ಬಿಚ್ಚಿ ಪಂಚನಾಮೆ ಬರೆದರು. ಭಾವನ ಹೆಚ್ಚುವರಿ ರೆಗ್ಯುಲೇಟರಿನ ಹಳದಿ ಬಾಯಿರಬ್ಬರಿಗೆ ಒಂದು ಮೂಲೆ ಇರಲಿಲ್ಲ. ಅದನ್ನು ರೆಗ್ಯುಲೇಟರಿಗೆ ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿ ಹೊಚ್ಚಹೊಸದು. ಉಳಿದ ಪಟ್ಟಿಗಳೆಲ್ಲ ಮಾಸಿದ್ದವು.

ಇನ್‌ಸ್ಪೆಕ್ಟರ್ ಭಾವನನ್ನು ಒಳಗೆ ಕರೆದರು.

"ಈ ಪಟ್ಟಿ ಕಟ್ಟಿದ್ದು ಯಾವಾಗ?"

"...ಭಾನುವಾರ ಸಂಜೆ. ನಿಮಗೆ ಕೊಡೋಕೆ ಮುಂಚೆ."

"ಮೊದಲಿದ್ದದ್ದು?"

"ದೋಣೀಲಿ ನನ್ನ ಬಾಯಿಗಿಡೋದರ ಪಟ್ಟಿ ತುಂಡಾಯ್ತು. ಹೆಚ್ಚುವರಿದು ಯಾರಿಗೆ ಬೇಕಾಗುತ್ತೆ ಅಂತ ಅದರದ್ದು ಬಿಚ್ಚಿ ನನ್ನದಕ್ಕೆ ಹಾಕ್ಕೊಂಡೆ."

"ಇಳಿಯೋ ಮುಂಚೆ ಒಬ್ಬರದ್ದನ್ನ ಇನ್ನೊಬ್ಬರು ಕಚ್ಚಿ ನೋಡೋ ಕ್ರಮ ಇದೆಯಲ್ಲ?"

"ನೋಡೋಕೆ ಕೈ ಚಾಚ್ದ. 'ಏನೋ ಕಪ್ಪೆ, ಗುರುವಿಗೇ ತಿರುಮಂತ್ರಾನಾ?' ಅಂತ ಕೈ ತಳ್ಳಿದೆ. ನಕ್ಕುಬಿಟ್ಟ."

"ಕೆಳಗೆ?"

"ಸನ್ನೆ ಮಾಡ್ದ. ಕೊಟ್ಟೆ. ಕಚ್ಚಿದ ರಬ್ಬರ್ ಅವನ ಹಲ್ಲಲ್ಲೇ ಉಳೀತು, ಮಿಕ್ಕಿದ್ದು ನನ್ನ ಕೈಲಿ. ಗಾಳಿ ಬದಲು ನೀರೆಳೆದ. ನನ್ನ ಬಾಯಿಂದ ಕಿತ್ತು ಕೊಡೋಷ್ಟರಲ್ಲಿ ಮೇಲಕ್ಕೆ ಹೋಗಿಬಿಟ್ಟಿದ್ದ. ದಡಕ್ಕೆ ತಂದ್ಮೇಲೆ ಅವನ ಬಾಯಿಂದ ಆ ರಬ್ಬರ್ ತೆಗೆದೆ."

ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ: ಎಫ್‌ಐಆರ್ ದಾಖಲಾಗಿ ಸಂಜೆ ಬಂಧನವಾಯಿತು. ಹಗೆಯ ಪ್ರಶ್ನೆಯೇ ಇರಲಿಲ್ಲ. ಸುಳ್ಳು ಹೇಳಿದ್ದೇಕೆಂದು ಕೇಳಿದಾಗ ಅವನು ಬಾಗಿಲ ಕಡೆ ನೋಡಿ, "ಅವಳ ಮುಖ ಹೇಗೆ ನೋಡ್ಲಿ, ಸಾರ್," ಎಂದನಷ್ಟೇ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಅವನು ಕೇಳಿದ್ನಾ?"

"ಕೇಳ್ದ," ಎಂದ ಗಂಡ. "ಕಲಿಸಿದ ಹಾಗೇ ಕೇಳ್ದ."

ಅವಳ ಕೈಚೀಲ ಇನ್ನೂ ಅವನ ಕೈಯಲ್ಲೇ ಇತ್ತು. ಅವಳು ಅದನ್ನು ಬಿಡಿಸಿಕೊಂಡು, ಬೆಳಗಿನಿಂದ ಕೂರದಿದ್ದ ಕುರ್ಚಿಯಲ್ಲಿ ಕೂತಳು.